ಒಂದು ಫಲಕದ ಪಾಠಶೋಧನೆ

ನಮ್ಮ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಹೊಸದಲ್ಲ. ಗುಡಿಗೋ ಬಸದಿಗೋ ಭೂಮಿಯನ್ನು ದತ್ತಿಬಿಡುವ ದಾನಿಯು ದೇವರ ಪೂಜೆಗೆ ಇಷ್ಟು, ತಪಸ್ವಿಗಳ ಆಹಾರಕ್ಕೆ ಇಷ್ಟು ಎಂದು ಹೇಳುವಾಗಲೇ, ಮುಂದೆ ಒಡೆಯಬಹುದಾದ, ಬಿರಿಯಬಹುದಾದ ಭಾಗಗಳನ್ನು ಸರಿಪಡಿಸುವುದಕ್ಕೂ ಒಂದು ಪಾಲನ್ನು ಎತ್ತಿಡುತ್ತಿದ್ದನು. ಕಟ್ಟಿದ್ದು ಒಂದು ದಿನ ಕೆಡುತ್ತದೆ ಎಂಬ ಅರಿವು ಕಟ್ಟುವ ದಿನವೇ ಇದ್ದಿತು. ಆ ಅರಿವನ್ನು ಕಲ್ಲಿನಲ್ಲಿ ಬರೆದಿಡುವುದಕ್ಕೆ ನಮ್ಮ ಹಿರಿಯರು ಸಂಕೋಚಪಡಲಿಲ್ಲ.

ಇಂದು ನಮ್ಮ ಮನೆಮನೆಗೂ ಬಂದಿರುವ ಯಂತ್ರಗಳನ್ನು ಮಾಡುವವರು ಈ ವಿಷಯದಲ್ಲಿ ಬಹುಮಟ್ಟಿಗೆ ಮೌನಿಗಳು. ಲ್ಯಾಪ್‌ಟಾಪನ್ನೇ ತೆಗೆದುಕೊಳ್ಳೋಣ. ಅದರ ಪರದೆ, ಕೀಲಿಮಣೆ, ಬ್ಯಾಟರಿಗಳೆಲ್ಲ ಅಂಗಗಳು. ಜೀವವಿರುವುದು ಅಂಗೈಯಗಲದ ಒಂದು ಫಲಕದಲ್ಲಿ. ಕೆಲವರು ಅದನ್ನು ಮದರ್‌ಬೋರ್ಡ್ ಎನ್ನುತ್ತಾರೆ, ಕೆಲವರು ಲಾಜಿಕ್ ಬೋರ್ಡ್ ಎನ್ನುತ್ತಾರೆ. ಎರಡನೆಯದನ್ನು ಕನ್ನಡಿಸಿದರೆ ‘ತರ್ಕಫಲಕ’ವಾಗುತ್ತದೆ. ಹೆಸರು ಸಾರ್ಥಕವಾಗಿದೆ. ಆ ಫಲಕ ಕೆಟ್ಟಾಗ ಕೈಹಿಡಿಯುವುದು ಸುತ್ತಿಗೆಯಲ್ಲ, ಇಕ್ಕಳವಲ್ಲ, ತರ್ಕವೇ. ಈ ಮಾತು ನನಗೆ ಪ್ರತ್ಯಕ್ಷವಾದುದು ಬೆಂಗಳೂರಿನಲ್ಲಲ್ಲ. ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂಬ ಮೂರು ಊರುಗಳು ಒಂದೇ ದಾರಿಯ ಮೇಲಿವೆ. ಸಿಂಧನೂರು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಭತ್ತದ ಕಣಜವಾದ ಊರು. ಮಸ್ಕಿ ಅಶೋಕನ ಶಾಸನದಿಂದ ಲೋಕಪ್ರಸಿದ್ಧ. ಈಚೆಗೆ ತಾಲ್ಲೂಕು ಕೇಂದ್ರವೂ ಆಗಿದೆ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿ ಇದೆ, ಮುದಗಲ್ಲಿನ ಕೋಟೆಯಿದೆ, ಹಿಂದೂ ಮುಸಲ್ಮಾನರೆನ್ನದೆ ಸಾವಿರಾರು ಜನ ಸೇರುವ ಮುದಗಲ್ಲಿನ ಮೊಹರಂ ಇದೆ. ಬೇಸಗೆಯಲ್ಲಿ ಇಲ್ಲಿಯ ಬಿಸಿಲು ನಲವತ್ತು ಡಿಗ್ರಿಯನ್ನು ದಾಟುತ್ತದೆ. ಕಪ್ಪು ನೆಲದ ಧೂಳು ಬಾಗಿಲ ಸಂದಿಯಲ್ಲೂ ನುಸುಳುತ್ತದೆ. ವಿದ್ಯುತ್ತು ಬಂದು ಹೋಗಿ ಮಾಡುತ್ತದೆ. ಸೂಕ್ಷ್ಮಯಂತ್ರಗಳಿಗೆ ಇದಕ್ಕಿಂತ ಕಠಿನವಾದ ಪರೀಕ್ಷೆ ಬೇರೆ ಬೇಕಿಲ್ಲ. ಆದುದರಿಂದಲೇ ಇಂಥ ಊರುಗಳಲ್ಲಿ ದುರಸ್ತಿಯ ವಿದ್ಯೆ ಬೆಳೆಯುವುದು ಸಹಜವೆನ್ನಬೇಕು.

ನಮ್ಮ ವಿದ್ಯಾರ್ಥಿನಿಯೊಬ್ಬಳು ಎರಡು ವರ್ಷ ಈ ಸೀಮೆಯ ಹಳ್ಳಿಗಳನ್ನು ಸುತ್ತಿ ಮೊಹರಮ್ಮಿನ ರಿವಾಯತ್ ಪದಗಳನ್ನು ಧ್ವನಿಮುದ್ರಿಸಿಕೊಂಡಿದ್ದಳು. ಹಾಡಿದವರಲ್ಲಿ ಹೆಚ್ಚಿನವರು ಓದುಬರಹ ಬಾರದ ವೃದ್ಧರು. ಅವರಲ್ಲಿ ಒಬ್ಬರು, ಬೇರೆ ಯಾರಿಗೂ ಬಾರದ ಒಂದು ದೀರ್ಘವಾದ ಪದವನ್ನು ಬಲ್ಲವರು, ಮುದ್ರಣವಾದ ಕೆಲವು ತಿಂಗಳಿಗೆ ತೀರಿಕೊಂಡರು. ಅನಂತರ ಒಂದು ಬೆಳಿಗ್ಗೆ ಆ ಹುಡುಗಿಯ ಲ್ಯಾಪ್‌ಟಾಪು ಏಳಲಿಲ್ಲ. ದೊಡ್ಡ ಊರಿನ ಒಂದು ಸೇವಾಕೇಂದ್ರಕ್ಕೆ ಒಯ್ದಾಗ ಅಲ್ಲಿಯವರು ಯಂತ್ರವನ್ನು ಬಿಚ್ಚಿದರೋ ಇಲ್ಲವೋ, ತೀರ್ಪನ್ನಂತೂ ಕೂಡಲೇ ಕೊಟ್ಟರು: ಫಲಕ ಹೋಗಿದೆ, ಹೊಸದನ್ನು ಹಾಕಬೇಕು, ಹಳೆಯದರಲ್ಲಿದ್ದ ಕಡತಗಳು ಸಿಗುವುದಿಲ್ಲ. ಆ ಮಾದರಿಯಲ್ಲಿ ಸಂಗ್ರಹದ ಚಿಪ್ಪನ್ನು ಫಲಕಕ್ಕೇ ಬೆಸುಗೆ ಹಾಕಿದ್ದರು. ಅದರೊಳಗಿನ ಬರಹವೂ ಆ ಫಲಕದ್ದೇ ಗುಪ್ತಕೀಲಿಯಿಂದ ಬಿಗಿದದ್ದು. ಚಿಪ್ಪನ್ನು ಕಿತ್ತು ಬೇರೆ ಫಲಕಕ್ಕೆ ಕೂಡಿಸಿದರೆ ಓದಲು ಬಾರದು. ಪದಗಳು ಬದುಕಬೇಕಾದರೆ ಅದೇ ಫಲಕ ಬದುಕಬೇಕಾಗಿದ್ದಿತು.

ಸಿಂಧನೂರಿನ ಪೇಟೆಯ ಒಂದು ಗಲ್ಲಿಯಲ್ಲಿ ನಾಲ್ಕು ಜನ ನಿಂತರೆ ತುಂಬಿಹೋಗುವ ಅಂಗಡಿ. ಯಜಮಾನನು ಐ.ಟಿ.ಐ.ಯಲ್ಲಿ ಓದಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವು ವರ್ಷ ಕೆಲಸ ಕಲಿತು ಬಂದ ತರುಣ. ಮೇಜಿನ ಮೇಲೆ ಒಂದು ಸೂಕ್ಷ್ಮದರ್ಶಕ, ವೋಲ್ಟೇಜನ್ನೂ ಕರೆಂಟನ್ನೂ ಬೇಕಾದಷ್ಟಕ್ಕೆ ಮಿತಿಗೊಳಿಸಬಹುದಾದ ಒಂದು ವಿದ್ಯುತ್ ಪೆಟ್ಟಿಗೆ, ಬಿಸಿಗಾಳಿಯ ಕೊಳವೆ, ಬೆಸುಗೆಯ ಕಡ್ಡಿ, ಒಂದು ಮಲ್ಟಿಮೀಟರು. ಇಷ್ಟೇ ಅವನ ಆಯುಧಗಳು. ನಾನೂ ಆ ಹುಡುಗಿಯೊಡನೆ ಹೋಗಿ, ಅವನು ಕೆಲಸಮಾಡಿದ ಮೂರು ಮಧ್ಯಾಹ್ನಗಳಲ್ಲಿ ಪಕ್ಕದ ಸ್ಟೂಲಿನ ಮೇಲೆ ಕುಳಿತು ನೋಡಿದೆನು. ಕಂಡುದನ್ನು ವಾಚಕರಿಗೆ ತಿಳಿಸುವ ಮೊದಲು ಫಲಕದ ಬಗೆಗೆ ಎರಡು ಮಾತು ಹೇಳಬೇಕು.

ಆ ಸೀಮೆಯವರಿಗೆ ಅದನ್ನು ತಿಳಿಸುವುದು ಸುಲಭ. ಅದೊಂದು ಕಾಲುವೆಯ ವ್ಯವಸ್ಥೆ. ಮುನಿರಾಬಾದಿನ ಅಣೆಕಟ್ಟಿನಿಂದ ಹೊರಟ ನೀರು ದೊಡ್ಡ ಕಾಲುವೆಯಲ್ಲಿ ಬಂದು, ವಿತರಣಾ ಕಾಲುವೆಗಳಿಗೆ ಒಡೆದು, ತೂಬುಗಳ ಮೂಲಕ ಹೊಲ ಸೇರುವಂತೆ, ಚಾರ್ಜರಿನಿಂದ ಬಂದ ಸುಮಾರು 19 ವೋಲ್ಟಿನ ವಿದ್ಯುತ್ತು ಮುಖ್ಯಮಾರ್ಗವನ್ನು ಹಿಡಿದು, ಅಲ್ಲಲ್ಲಿ ತಗ್ಗಿ, 5 ವೋಲ್ಟು, 3.3 ವೋಲ್ಟು ಎಂದು ಕವಲೊಡೆದು, ಕೊನೆಗೆ ಯಂತ್ರದ ಮಿದುಳಿಗೆ ಸುಮಾರು 1 ವೋಲ್ಟಾಗಿ ಮುಟ್ಟುತ್ತದೆ. ತೂಬುಗಳು ತೆರೆಯುವುದಕ್ಕೂ ಒಂದು ಕ್ರಮವುಂಟು. ಮೇಲಿನ ತೂಬು ‘ನನ್ನಲ್ಲಿ ನೀರು ಸರಿಯಾಗಿದೆ’ ಎಂಬ ಸಂಕೇತವನ್ನು ಕಳುಹಿಸದೆ ಕೆಳಗಿನದು ತೆರೆಯದು. ದಾರಿಯ ಉದ್ದಕ್ಕೂ ಕೆಪಾಸಿಟರು ಎಂಬ ನೂರಾರು ಪುಟ್ಟ ತೊಟ್ಟಿಗಳು ನಿಂತು ಏರಿಳಿತವನ್ನು ಸಮಮಾಡುತ್ತವೆ. ಎಲ್ಲೋ ಒಡ್ಡು ಒಡೆದರೆ ನೀರೆಲ್ಲ ಹಳ್ಳದ ಪಾಲು; ಇದೇ ‘ಶಾರ್ಟ್’. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೆಯ ಕ್ರಸ್ಟ್‌ಗೇಟು ಕೊಚ್ಚಿಹೋದಾಗ ಬೆಳೆಯ ನೀರು ನದಿಗೆ ಹರಿದುದನ್ನು ಕಂಡ ಈ ಜನಕ್ಕೆ ಅದರ ಅರ್ಥವನ್ನು ವಿವರಿಸಬೇಕಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟನ್ನು ಇಳಿಸಿ ಒಂದು ವಾರದಲ್ಲಿ ಅದನ್ನು ತಡೆದರು. ಫಲಕವು ಅಷ್ಟು ಕಾಯುವುದಿಲ್ಲ. ಒಡ್ಡು ಒಡೆದ ಸುಳಿವು ಸಿಕ್ಕಿದೊಡನೆ ಮುಖ್ಯದ್ವಾರವನ್ನೇ ಮುಚ್ಚಿಕೊಂಡುಬಿಡುತ್ತದೆ. ಹೊರಗಿನಿಂದ ನೋಡಿದವನಿಗೆ ಯಂತ್ರ ಸತ್ತಂತೆ ಕಾಣುತ್ತದೆ. ವಾಸ್ತವವಾಗಿ ಅದು ತನ್ನನ್ನು ತಾನು ಕಾಪಾಡಿಕೊಂಡಿರುತ್ತದೆ.

ತರುಣನು ಮೊದಲು ಯಾವುದನ್ನೂ ಬಿಸಿಮಾಡಲಿಲ್ಲ, ಕೀಳಲಿಲ್ಲ. ಹುಡುಗಿಯನ್ನು ಮಾತನಾಡಿಸಿದನು. ಯಂತ್ರ ಯಾವಾಗ ನಿಂತಿತು? ಅದಕ್ಕೆ ಹಿಂದೆ ಏನಾದರೂ ಆಗಿತ್ತೆ? ಚಾರ್ಜರು ಬದಲಾಯಿತೆ? ವೈದ್ಯನು ನಾಡಿ ಹಿಡಿಯುವ ಮುನ್ನ ರೋಗಿಯ ಮಾತು ಕೇಳುವಂತೆ ಕೇಳಿದನು. ಅನಂತರ ಚಾರ್ಜರಿನ ತುದಿಯಲ್ಲಿ ಅಳೆದನು. 19 ವೋಲ್ಟು ಇತ್ತು. ಫಲಕದ ಬಾಗಿಲಲ್ಲಿ ಅಳೆದನು, ಅಲ್ಲಿಯೂ ಇತ್ತು. ಬಾಗಿಲು ದಾಟಿದ ಮೇಲೆ ಸೊನ್ನೆ. ಇಲ್ಲಿ ಅವಸರದವರು ಬಾಗಿಲೇ ಕೆಟ್ಟಿದೆಯೆಂದು ಆ ಬಿಡಿಭಾಗವನ್ನು ಬದಲಿಸುತ್ತಾರಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಈ ಕಸುಬಿನಲ್ಲಿ ದಿನವೂ ನಿಜವಾಗುತ್ತದೆ. ಅವನು ಚಾರ್ಜರನ್ನೂ ಬ್ಯಾಟರಿಯನ್ನೂ ತೆಗೆದು, ಮುಖ್ಯಮಾರ್ಗಕ್ಕೂ ನೆಲಕ್ಕೂ ನಡುವಣ ರೋಧವನ್ನು ಅಳೆದನು. ಸಾವಿರಗಟ್ಟಲೆ ಓಮ್ ಇರಬೇಕಾದಲ್ಲಿ ಅರ್ಧ ಓಮೂ ಇರಲಿಲ್ಲ. “ಬಾಗ್ಲ ಚೊಲೊ ಐತ್ರಿ ಸರ. ಒಳಗ ಶಾರ್ಟ್ ಆಗೈತಿ, ಅದಕ್ಕ ತೆರೆಯಂಗಿಲ್ಲ” ಎಂದನು. ಕಾರ್ಯವನ್ನು ಕಂಡು ಕಾರಣವನ್ನು ಬೇರೆಡೆ ಹುಡುಕಬೇಕೆಂಬ ವಿವೇಕ ಆ ಮಾತಿನಲ್ಲಿದ್ದಿತು.

ಅಲ್ಲಿಂದ ಮುಂದೆ ಅವನು ಇನ್ನೂ ಐದಾರು ಕಡೆ ಅಳೆದನು. ಮಿದುಳಿನ ಮಾರ್ಗದಲ್ಲಿಯೂ ಮೀಟರು ಬಹಳ ಕಡಮೆ ರೋಧವನ್ನು ತೋರಿಸಿತು. ‘ಅದೂ ಶಾರ್ಟೇ ಅಲ್ಲವೆ?’ ಎಂದು ನಾನು ಕೇಳಿದಾಗ ಅವನು ನಕ್ಕನು. ಆ ಮಾರ್ಗದಲ್ಲಿ ಕೋಟಿಗಟ್ಟಲೆ ಸೂಕ್ಷ್ಮ ಟ್ರಾನ್ಸಿಸ್ಟರುಗಳು ಅಕ್ಕಪಕ್ಕದಲ್ಲಿ ಕೂಡಿಕೊಂಡಿರುವುದರಿಂದ ಅಲ್ಲಿ ರೋಧ ಕಡಮೆಯಿರುವುದೇ ಸಹಜವಂತೆ. ಅದನ್ನು ದೋಷವೆಂದು ಬಗೆದು ನೆಟ್ಟಗಿದ್ದ ಮಿದುಳನ್ನು ಕಿತ್ತುಹಾಕಿದ ಹೊಸಬರು ಉಂಟಂತೆ. ನನಗೆ ನಮ್ಮ ಓಲೆಗರಿಗಳ ಪ್ರತಿಕಾರರು ನೆನಪಾದರು. ಹಳಗನ್ನಡದ ಒಂದು ಅಪೂರ್ವರೂಪವನ್ನು ಕಂಡು, ಇದು ಹಿಂದಿನವನ ಕೈತಪ್ಪು ಎಂದು ಭಾವಿಸಿ, ತನಗೆ ಪರಿಚಿತವಾದ ಪದದಿಂದ ತಿದ್ದಿಬಿಡುವ ಸದುದ್ದೇಶದ ಪ್ರತಿಕಾರನು ಮಾಡಿದಷ್ಟು ಹಾನಿಯನ್ನು ಗೆದ್ದಲೂ ಮಾಡಿಲ್ಲ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪಾಠಹೇಳುವಾಗ ನಾವು ತರಗತಿಯಲ್ಲಿ ಎಚ್ಚರಿಸುವುದೂ ಇದನ್ನೇ. ಸಹಜವಾವುದೆಂದು ಬಲ್ಲವನಿಗೆ ಮಾತ್ರ ದೋಷವಾವುದೆಂದು ಹೇಳುವ ಅಧಿಕಾರವುಂಟು.

ಶಾರ್ಟ್ ಇರುವುದು ನಿಶ್ಚಯವಾಯಿತು, ಎಲ್ಲಿ? ಆ ಮಾರ್ಗಕ್ಕೆ ಅಂಟಿಕೊಂಡ ತೊಟ್ಟಿಗಳು ಅರವತ್ತಕ್ಕೂ ಮಿಕ್ಕು, ಒಂದೊಂದೂ ನವಣೆಕಾಳಿನಷ್ಟು. ಎಲ್ಲವನ್ನೂ ಕಿತ್ತು ನೋಡುವುದು ಮೂರ್ಖತನ. ಅವನು ತನ್ನ ವಿದ್ಯುತ್ ಪೆಟ್ಟಿಗೆಯನ್ನು 1 ವೋಲ್ಟಿಗೆ ಇಳಿಸಿ, ಕರೆಂಟಿಗೂ ಮಿತಿಯಿಟ್ಟು ಮುಖ್ಯಮಾರ್ಗಕ್ಕೆ ಹರಿಸಿದನು. 19 ವೋಲ್ಟನ್ನೇ ಏಕೆ ಕೊಡಬಾರದು? ಒಡೆದಿರುವುದು ಮಿದುಳಿನ ಪಕ್ಕದ ತೂಬೇ ಆಗಿದ್ದರೆ ಆ ಭಾರವೆಲ್ಲ ನೇರವಾಗಿ ಮಿದುಳಿಗೆ ನುಗ್ಗಿ ಅದನ್ನು ಸುಡುತ್ತದೆ. 1 ವೋಲ್ಟಾದರೆ ಅದು ತಾಳಿಕೊಳ್ಳಬಲ್ಲ ಅಳತೆ. ಈ ಮುನ್ನೆಚ್ಚರಿಕೆಯೇ ಬಲ್ಲವನಿಗೂ ಬಲ್ಲೆನೆಂಬವನಿಗೂ ಇರುವ ಅಂತರ. ಬಳಿಕ ಫಲಕದ ಮೇಲೆ ಶುದ್ಧವಾದ ಸ್ಪಿರಿಟ್ಟನ್ನು ಕುಂಚದಿಂದ ತೆಳ್ಳಗೆ ಸವರಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟನು. ಎಲ್ಲ ಕಡೆ ಒದ್ದೆ ಮಿನುಗುತ್ತಿರಲು ಒಂದು ಕಾಳಿನ ಸುತ್ತ ಮಾತ್ರ ಕ್ಷಣದಲ್ಲಿ ಆರಿಹೋಯಿತು. ಕರೆಂಟೆಲ್ಲ ಅಲ್ಲಿ ಇಳಿಯುತ್ತಿದ್ದುದರಿಂದ ಅದು ಬಿಸಿಯಾಗಿದ್ದಿತು. ಹೊಗೆಯನ್ನು ಕಂಡು ಬೆಟ್ಟದಲ್ಲಿ ಬೆಂಕಿಯಿದೆಯೆಂದು ಊಹಿಸುವುದು ನಮ್ಮ ನೈಯಾಯಿಕರ ಪ್ರಸಿದ್ಧವಾದ ಅನುಮಾನ. ಅದೇ ಅನುಮಾನ ಇಲ್ಲಿ ನವಣೆಕಾಳಿನ ಪ್ರಮಾಣಕ್ಕೆ ಇಳಿದಿದ್ದಿತು. ಬಿಸಿಗಾಳಿಯಿಂದ ಆ ಕಾಳನ್ನು ಎತ್ತಿದೊಡನೆ ಮೀಟರಿನ ಅಂಕಿ ಸಾವಿರಗಳಿಗೆ ಏರಿತು. ಕೆಪಾಸಿಟರೆಂದರೆ ಪಿಂಗಾಣಿಯ ಎಸಳುಗಳ ನಡುವೆ ಲೋಹದ ಎಸಳುಗಳನ್ನು ಪೇರಿಸಿದ ಕಟ್ಟು. ಪಿಂಗಾಣಿ ಬಿರಿದರೆ ಲೋಹಗಳು ಒಂದನ್ನೊಂದು ಮುಟ್ಟಿ ಒಡ್ಡು ಒಡೆಯುತ್ತದೆ. ಹಾಳಾದುದು ಅಷ್ಟೇ. ಬೆಲೆ ಕೆಲವು ರೂಪಾಯಿ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗುಂಡಿಯನ್ನೊತ್ತಿದಾಗ ಫ್ಯಾನು ಒಂದು ಸುತ್ತು ತಿರುಗಿ ನಿಂತಿತು. ಪರದೆ ಕತ್ತಲೆಯಾಗಿಯೇ ಉಳಿಯಿತು. ತೂಬುಗಳನ್ನು ಒಂದೊಂದಾಗಿ ಅಳೆದಾಗ, ನೆನಪಿನ ಚಿಪ್ಪುಗಳಿಗೆ ವಿದ್ಯುತ್ತು ಬಂದಿದ್ದರೂ ‘ಸರಿಯಾಗಿದೆ’ ಎಂಬ ಅದರ ಸಂಕೇತ ಮುಂದಿನ ತೂಬಿಗೆ ಮುಟ್ಟಿರಲಿಲ್ಲವೆಂದು ತಿಳಿಯಿತು. ಕಳುಹಿಸಿದ ಕಡೆ ಸಂಕೇತವಿದೆ, ಸೇರಬೇಕಾದ ಕಡೆ ಇಲ್ಲ. ನಡುವೆ ದಾರಿ ಫಲಕದ ಒಳಪದರುಗಳಲ್ಲಿ ಅಡಗಿದೆ. ಇಂಥ ಫಲಕಗಳಲ್ಲಿ ಎಂಟು ಹತ್ತು ತಾಮ್ರದ ಪದರುಗಳಿರುವುದು ಸಾಮಾನ್ಯ. ನಕಾಶೆಯಿಲ್ಲದೆ ಮುಂದುವರಿಯುವಂತಿರಲಿಲ್ಲ. ತಯಾರಕರು ಈ ನಕಾಶೆಗಳನ್ನು ಸಾರ್ವಜನಿಕರಿಗೆ ಕೊಡುವುದಿಲ್ಲ. ಕಸುಬಿನವರ ಕೈಯಿಂದ ಕೈಗೆ ಅವು ಗುಟ್ಟಾಗಿ ಹರಿದಾಡುತ್ತವೆ. ಆ ಮಾದರಿಯ ನಕಾಶೆ ಅವನಿಗೆ ಸಿಕ್ಕಲಿಲ್ಲ. ಎಸ್.ಪಿ. ರಸ್ತೆಯಿಂದ ಅದೇ ಮಾದರಿಯ ಇನ್ನೊಂದು ಸತ್ತ ಫಲಕವನ್ನು ತರಿಸಿದನು. ಸತ್ತುದರಿಂದ ಏನು ಪ್ರಯೋಜನವೆಂದರೆ, ಅದು ಸತ್ತದ್ದು ಬೇರೆ ಜಾಗದಲ್ಲಿ. ನಮಗೆ ಬೇಕಾದ ಜಾಗದಲ್ಲಿ ಅದು ನೆಟ್ಟಗಿದೆ.

ಮಸ್ಕಿಯ ಶಾಸನವನ್ನು ಓದಿದ ಬಗೆಯೂ ಹೀಗೆಯೇ. 1915ರಲ್ಲಿ ನಿಜಾಮರ ಸರಕಾರದ ಸೇವೆಯಲ್ಲಿದ್ದ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಅದನ್ನು ಕಂಡನು, ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಸಂಪಾದಿಸಿ ಪ್ರಕಟಿಸಿದರು. ಬಂಡೆಯ ಮೇಲೆ ಎಷ್ಟೋ ಅಕ್ಷರಗಳು ಸವೆದುಹೋಗಿದ್ದವು. ಆದರೆ ಅದೇ ಲಘುಶಾಸನದ ಪ್ರತಿಗಳು ರೂಪನಾಥ, ಸಹಸ್ರಾಮ್, ಬೈರಾಟಗಳಲ್ಲಿಯೂ, ನಮ್ಮ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಇದ್ದವು. ಒಂದು ಇಲ್ಲಿ ಸವೆದಿದ್ದರೆ ಇನ್ನೊಂದು ಅಲ್ಲಿ ಸವೆದಿತ್ತು. ಒಂದರ ಬಿರುಕನ್ನು ಇನ್ನೊಂದರ ಅಕ್ಷರದಿಂದ ತುಂಬಿದರು. ಬೇರೆ ಪ್ರತಿಗಳು ‘ದೇವಾನಾಂಪ್ರಿಯ’ ಎಂಬ ಬಿರುದನ್ನಷ್ಟೇ ಹೇಳಿದ್ದಲ್ಲಿ, ಅಶೋಕನೆಂಬ ಹೆಸರನ್ನೇ ಹೇಳಿ ಆ ಬಿರುದು ಯಾರದೆಂಬ ಪ್ರಶ್ನೆಯನ್ನು ಮುಗಿಸಿದ್ದು ಮಸ್ಕಿಯ ಸವೆದ ಬಂಡೆ. ಅರ್ಧ ಅಳಿದ ಪ್ರತಿಯನ್ನೂ ಎಸೆಯಬಾರದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ?

ತರುಣನು ಎರಡು ಫಲಕಗಳನ್ನೂ ಪಕ್ಕಪಕ್ಕದಲ್ಲಿಟ್ಟು, ಒಂದೊಂದು ಬಿಂದುವಿನ ಅಳತೆಯನ್ನೂ ಕಾಗದದ ಮೇಲೆ ಎರಡು ಸಾಲಿನಲ್ಲಿ ಬರೆಯುತ್ತ ಹೋದನು. ಪಾಠಾಂತರಗಳ ಪಟ್ಟಿಯೇ ಸರಿ. ಒಂದು ಕಡೆ ಎರಡೂ ಸಾಲುಗಳು ಬೇರೆಯಾದವು. ಅಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ಪುಟ್ಟ ರೋಧಕದ ಕಾಲಿನ ಬಳಿ ಹಸಿರುಗಟ್ಟಿದ ಕಿಲುಬು. “ಇಲ್ಲಿ ನೀರ್ ಬಿದ್ದೈತ್ರಿ” ಎಂದನು. ಆಗ ಹುಡುಗಿಗೆ ಹಳ್ಳಿಯ ಮನೆಯ ಮಾಳಿಗೆ ಸೋರಿದ ಒಂದು ಮಳೆಯ ರಾತ್ರಿ ನೆನಪಾಯಿತು. ಕಾಳು ಬಿರಿದದ್ದೂ ಆ ಮೂಲೆಯ ಹತ್ತಿರವೇ. ಕಿಲುಬನ್ನು ಕೆರೆದು, ಹೊಸ ರೋಧಕವನ್ನು ಕೂಡಿಸಿ, ಒಳಗೆ ತುಂಡಾಗಿದ್ದ ದಾರಿಗೆ ಬದಲಾಗಿ ಕೂದಲೆಳೆಯಂಥ ತಾಮ್ರದ ತಂತಿಯನ್ನು ಮೇಲಿಂದ ಬೆಸೆದನು. ಬೆಸುಗೆ ಒಂದು ನಿಮಿಷದ್ದು. ಅದಕ್ಕೆ ಮುಂಚಿನ ಓದು ಮೂರು ದಿನದ್ದು. ಯಂತ್ರ ಎದ್ದಿತು. ಪರದೆ ಬೆಳಗಿದೊಡನೆ ಅವನು ಬೇರೇನನ್ನೂ ಪರೀಕ್ಷಿಸಗೊಡದೆ, ಮೊದಲು ಪದಗಳನ್ನೆಲ್ಲ ಎರಡು ಬೇರೆ ಬೇರೆ ಡಿಸ್ಕುಗಳಿಗೆ ಇಳಿಸಿಸಿದನು. ತೀರಿಹೋದ ಮುದುಕರ ಕಂಠ ಆ ಸಣ್ಣ ಅಂಗಡಿಯಲ್ಲಿ ಎರಡು ನಿಮಿಷ ಕೇಳಿಸಿತು. ಹೊರಗೆ ಕಾದಿದ್ದ ಗಿರಾಕಿಗಳೂ ಸುಮ್ಮನಾದರು.

ಎಲ್ಲ ಫಲಕಗಳೂ ಹೀಗೆ ಬದುಕುತ್ತವೆಂದು ಹೇಳಿದರೆ ಅದು ಸತ್ಯಕ್ಕೆ ದೂರ. ಮಿದುಳೇ ಸುಟ್ಟಿದ್ದರೆ, ಒಳಪದರುಗಳು ಕರಿಕಾಗಿದ್ದರೆ ಮಾಡುವುದಕ್ಕೆ ಹೆಚ್ಚೇನೂ ಇಲ್ಲ. ನಾಟಿವೈದ್ಯದ ಹೆಸರಿನಲ್ಲಿ ಮೋಸಗಾರರಿರುವಂತೆ ಇಲ್ಲಿಯೂ ಇದ್ದಾರೆ. ಚಿಪ್ಪಿನ ಒಳಗಿನ ಸಂಪರ್ಕ ಸಡಿಲವಾದಾಗ ಬಿಸಿಗಾಳಿಯಿಂದ ಕಾಯಿಸಿದರೆ ಯಂತ್ರ ಕೆಲವು ದಿನ ಏಳುತ್ತದೆ. ಹಣ ಕೈಬದಲಾದ ಮೇಲೆ ಮತ್ತೆ ಮಲಗುತ್ತದೆ. ಸೀಸ ಬೆರೆತ ಹಳೆಯ ಬೆಸುಗೆ 183 ಡಿಗ್ರಿಯಲ್ಲಿ ಕರಗುತ್ತಿದ್ದರೆ, ಈಗ ಬಳಕೆಯಲ್ಲಿರುವ ಸೀಸರಹಿತ ಬೆಸುಗೆಗೆ ಸುಮಾರು 217 ಡಿಗ್ರಿ ಬೇಕು. ಕೈ ಪಳಗದವನು ಆ ಬಿಸಿಯಲ್ಲಿ ನೆಟ್ಟಗಿದ್ದುದನ್ನೂ ಕೆಡಿಸುತ್ತಾನೆ. ಹಾಗೆಂದು ಕಸುಬನ್ನೇ ಅಲ್ಲಗಳೆಯುವುದು ನ್ಯಾಯವಲ್ಲ.

ತಯಾರಕರ ವಾದವನ್ನೂ ಕೇಳಬೇಕು. ಒಬ್ಬ ನುರಿತವನ ಮೂರು ದಿನದ ಬೆಲೆಗಿಂತ ಫಲಕವನ್ನೇ ಬದಲಿಸುವುದು ಅವರಿಗೆ ಅಗ್ಗ. ಮಾಡಿದ ಕೆಲಸಕ್ಕೆ ಭರವಸೆ ಕೊಡುವುದೂ ಸುಲಭ. ಲೆಕ್ಕ ಸರಿಯೇ. ಆದರೆ ಆ ಲೆಕ್ಕದಲ್ಲಿ ಹುಡುಗಿಯ ಎರಡು ವರ್ಷಗಳೂ ಮುದುಕರ ಕಂಠವೂ ಎಲ್ಲಿಯೂ ಜಮೆಯಾಗುವುದಿಲ್ಲ. ಈ ಅನ್ಯಾಯವನ್ನು ಲೋಕ ಗುರುತಿಸತೊಡಗಿದೆ. ನಮ್ಮ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ದುರಸ್ತಿಯ ಹಕ್ಕಿನ ಬಗೆಗೆ ಒಂದು ಸಮಿತಿಯನ್ನು ನೇಮಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಗ್ರಾಹಕರಿಗಾಗಿ ಒಂದು ಜಾಲತಾಣವನ್ನು ತೆರೆಯಿತು. ಯೂರೋಪಿನ ಒಕ್ಕೂಟವು 2024ರಲ್ಲಿ ದುರಸ್ತಿಯನ್ನು ಪ್ರೋತ್ಸಾಹಿಸುವ ನಿರ್ದೇಶವನ್ನೇ ಹೊರಡಿಸಿತು. ಕೆಟ್ಟ ಯಂತ್ರಗಳ ವಿಲೇವಾರಿಗೆ ನಮ್ಮಲ್ಲಿ 2023ರ ಏಪ್ರಿಲ್ 1ರಿಂದ ಹೊಸ ನಿಯಮಗಳು ಜಾರಿಗೆ ಬಂದಿವೆ. ನಿಯಮಗಳು ಒಳ್ಳೆಯವೇ; ಸಿಂಧನೂರಿನ ಮೇಜಿಗೆ ನಕಾಶೆ ಬಂದಾಗ ಮಾತ್ರ ಅವು ಫಲಿಸಿದವೆಂದು ನಾನು ನಂಬುತ್ತೇನೆ.

ಇನ್ನೊಂದು ಲೆಕ್ಕವೂ ಉಂಟು. ಹಟ್ಟಿಯಲ್ಲಿ ಪುರಾತನರು ತೋಡಿದ ಗಣಿಗಳ ಕುರುಹುಗಳಿವೆ; 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೂ ಹಟ್ಟಿಯಲ್ಲಿ ಚಿನ್ನ ತೆಗೆಯುವುದು ನಿಲ್ಲಲಿಲ್ಲ. ಒಂದು ಟನ್ನು ಕಲ್ಲನ್ನು ಪುಡಿಮಾಡಿದರೆ ಅಲ್ಲಿ ದೊರೆಯುವ ಚಿನ್ನ ಕೆಲವೇ ಗ್ರಾಮು. ಲ್ಯಾಪ್‌ಟಾಪಿನ ಫಲಕದ ಸಂಪರ್ಕಗಳಿಗೆ, ಕಿಲುಬು ಹಿಡಿಯದಿರಲೆಂದು, ಚಿನ್ನದ ತೆಳುಲೇಪವಿರುತ್ತದೆ. ಒಂದು ಟನ್ನು ಫಲಕಗಳಲ್ಲಿ ಅಡಗಿರುವ ಚಿನ್ನ ಅಷ್ಟೇ ತೂಕದ ಅದಿರಿನದರ ಎಷ್ಟೋ ಪಾಲು ಹೆಚ್ಚು. ನೆಲದಾಳದಲ್ಲಿ ಜೀವವನ್ನು ಪಣವಿಟ್ಟು ತೆಗೆದ ಲೋಹವನ್ನು ಕೆಲವು ರೂಪಾಯಿಯ ಒಂದು ಕಾಳು ಬಿರಿಯಿತೆಂದು ಕಸಕ್ಕೆ ಹಾಕುವುದು ಲಿಂಗಸುಗೂರಿನ ನೆರೆಯವರಾದ ನಮಗೆ ಶೋಭಿಸುವುದಿಲ್ಲ.

ನಮ್ಮ ಪಾಲಿಟೆಕ್ನಿಕ್ಕುಗಳೂ ಐ.ಟಿ.ಐ.ಗಳೂ ಈ ಓದನ್ನು ಕ್ರಮವಾಗಿ ಕಲಿಸಲಿ. ಅಂಗಡಿಯ ತರುಣರು ಆಡುವ ‘ಲೈನು ಕೂತೈತಿ’, ‘ಕರೆಂಟ್ ಕುಡೀತೈತಿ’ ಎಂಬಂಥ ಜೀವಂತವಾದ ಮಾತುಗಳನ್ನು ಕನ್ನಡದ ವಿದ್ಯಾರ್ಥಿಗಳು ಬರೆದಿಡಲಿ. ಶಾಸ್ತ್ರ ನಮ್ಮ ನುಡಿಯಲ್ಲಿ ಬೆಳೆಯುವುದು ಇಂಥ ಮೇಜುಗಳ ಮೇಲೆಯೇ. ಯಂತ್ರವನ್ನು ಮಾಡುವವರು, ಹಿಂದಿನ ದಾನಿಗಳಂತೆ, ಮಾಡುವ ದಿನವೇ ಅದರ ಜೀರ್ಣೋದ್ಧಾರಕ್ಕೆಂದು ನಕಾಶೆಯನ್ನೂ ಬಿಡಿಭಾಗಗಳನ್ನೂ ಎತ್ತಿಡಲಿ. ಇಷ್ಟನ್ನು ಅವರು ಕಲ್ಲಿನಲ್ಲಿ ಬರೆಸಬೇಕಾಗಿಲ್ಲ. ಯಂತ್ರದ ಜೊತೆಗೆ ಬರುವ ಕೈಪಿಡಿಯಲ್ಲಿ ಎರಡು ಪುಟ ಸೇರಿಸಿದರೂ ಸಾಕು.